ಮೈ ತುಂಬಿಕೊಂಡಾಳ ನೋಡು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ದಿನ ನನ್ನ ಮಗಳು ಮುಕ್ತಾ ತೊಟ್ಟಿದ್ದ ಲಂಗ ಹಸಿರೋ ನೀಲಿಯೋ ಎಂಬುದರಲ್ಲೇ ನನಗೂ ನನ್ನ ಗಂಡನಿಗೂ ಒಮ್ಮತವಿಲ್ಲ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಕಣ್ಣಾರೆ ಕಂಡೆ ಎನ್ನುವವರು ತಮಗೆ ಬೇಕಾದುದನ್ನೇ ಎಷ್ಟು ಪ್ರಾಮಾಣಿಕವಾಗಿ ಕಂಡಿರುತ್ತಾರೆ ಎಂಬುದನ್ನು ಓದಿ ಪಾಸಾದವಳು. ದಿನಚರಿ ಬರೆಯುವ ಅಭ್ಯಾಸವೂ ಇದೆ. ಆದರೆ ಆ ದಿನದ ಪುಟದಲ್ಲಿರುವುದು ಇಷ್ಟೇ: ‘ಹುಮನಾಬಾದ್. ತೊಟ್ಟಿಲು. ಊಟ ತಡ. ಬಿಸಿಲು.’ ಮಗಳ ಕಾಲಿನ ಬಗ್ಗೆ ಒಂದಕ್ಷರವಿಲ್ಲ. ಹಾಗಾಗಿ ಕಾಲಿನ ಬಗ್ಗೆ ನಾನು ಇಲ್ಲಿ ಬರೆಯುವುದೆಲ್ಲ ಆಮೇಲೆ ನೆನಪಾದದ್ದು. ಅದರಲ್ಲಿ ಆಮೇಲೆ ಸೇರಿಕೊಂಡದ್ದು ಎಷ್ಟು ಎಂದು ಹೇಳಲಾರೆ.

ಮಕ್ಕಳ ಕಾಯಿಲೆಯ ಬಗ್ಗೆ ಬರೆಯುವವರು ‘ನೀವು ಒಂಟಿಯಲ್ಲ’ ಎಂದು ಉಳಿದ ತಾಯಂದಿರಿಗೆ ಧೈರ್ಯ ಹೇಳುತ್ತಾರೆ. ನನ್ನ ಅನುಭವ ಬೇರೆ. ಕೂಸಿಗೆ ಕಾಯಿಲೆ ಬಂದ ಮನೆಯಲ್ಲಿ ತಾಯಿ ಒಂದು ಗಳಿಗೆಯೂ ಒಂಟಿಯಾಗಿರುವುದಿಲ್ಲ. ಅದೇ ಅಲ್ಲಿನ ಕಷ್ಟ.

ಮುಕ್ತಾ ಹುಟ್ಟಿದಾಗಿನಿಂದ ಸಣಕಲು. ನಾವಿರುವುದು ಬಸವಕಲ್ಯಾಣದಲ್ಲಿ, ನನ್ನ ಗಂಡ ಶಿವರಾಜ್‌ ಅವರಿಗೆ ಇಲ್ಲಿ ಲಾರಿ ಬಿಡಿಭಾಗಗಳ ಅಂಗಡಿ ಇದೆ. ಅವರ ತಾಯಿ, ತಮ್ಮ, ಅಕ್ಕ ಎಲ್ಲರೂ ಹುಮನಾಬಾದಿನಲ್ಲಿ. ಬಸ್ಸಿನಲ್ಲಿ ಕುಳಿತು ಒಂದು ನಿದ್ದೆ ತೆಗೆಯುವಷ್ಟರಲ್ಲಿ ಊರು ಬರುತ್ತದೆ, ಆದ್ದರಿಂದ ಹೋಗದಿರಲು ಯಾವ ನೆಪವೂ ಸಾಲುವುದಿಲ್ಲ. ಹೋದಾಗಲೆಲ್ಲ ಅತ್ತೆ ಮುಕ್ತಾಳ ರಟ್ಟೆ ಹಿಡಿದು ನೋಡುವರು.

“ಏನವಾ, ಎಂ.ಎ. ಓದಿದಾಕಿ ನೀನು. ಕೂಸಿಗೆ ಪುಸ್ತಕ ಅರದು ಕುಡಸ್ತಿಯೇನು?”

ಕುಳಿತವರು ನಗುವರು. ಈ ಮಾತು ಅವರ ಪ್ರಕಾರ ಪ್ರೀತಿ. ಪ್ರೀತಿಯ ಇನ್ನೊಂದು ರೂಪವಾಗಿ ಅವರು ಡಬ್ಬಿ ತುಂಬ ಅಂಟಿನ ಉಂಡಿ ಕಟ್ಟಿ ಕಳಿಸಿದರು. ಮುಕ್ತಾಗೆ ಆಗ ನಾಲ್ಕು ವರ್ಷ ತುಂಬಿತ್ತು. ಉಂಡಿಯಲ್ಲಿನ ಗೋಡಂಬಿಯನ್ನಷ್ಟೇ ಕಿತ್ತು ತಿಂದು ಉಳಿದದ್ದನ್ನು ಅಪ್ಪನ ಚಪ್ಪಲಿಯಲ್ಲಿ ಇಡುತ್ತಿದ್ದಳು.

ಕೆಲವು ವಾರಗಳಲ್ಲಿ ಅವಳ ಕೆನ್ನೆ ತುಂಬಿತು. ಗಲ್ಲದ ಕೆಳಗೆ ಮಡಿಕೆ ಬಂತು. ನನ್ನ ಮೈದುನನ ಮಗನ ತೊಟ್ಟಿಲ ಕಾರ್ಯಕ್ಕೆ ಹುಮನಾಬಾದಿಗೆ ಹೋದೆವು. ಹೊಸ್ತಿಲು ದಾಟುವ ಮೊದಲೇ ಶುರುವಾಯಿತು.

“ಮೈ ತುಂಬಿಕೊಂಡಾಳ ನೋಡು.”

“ಈಗ ನಮ್ಮ ಮನಿ ಹುಡುಗಿ ಕಂಡಂಗ ಕಾಣಾಕತ್ತಾಳ.”

“ನನ್ನ ಉಂಡಿ ನೋಡವಾ ಅದು,” ಎಂದರು ಅತ್ತೆ. ಬಂದ ಪ್ರತಿಯೊಬ್ಬರಿಗೂ ಅದನ್ನೇ ಹೇಳಿದರು. ಅಂಟು ಯಾವ ಅಂಗಡಿಯದು, ತುಪ್ಪ ಯಾರ ಮನೆಯದು, ಎಲ್ಲವನ್ನೂ ವಿವರಿಸಿದರು. ಹೆಂಗಸರು ಸಾಲಾಗಿ ಬಂದು ನನ್ನ ಮಗಳ ಕೆನ್ನೆ ಹಿಂಡಿದರು. ಆಮೇಲೆ ಯಾರಿಗೋ ದೃಷ್ಟಿಯ ನೆನಪಾಯಿತು. ಇಷ್ಟು ಚೆನ್ನಾಗಿ ಬೆಳೆದ ಕೂಸಿಗೆ ಎಷ್ಟು ಕಣ್ಣು ಬಿದ್ದಿರಬೇಡ ಎಂದು ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮೂತ್ರಪಿಂಡ ಸೋರುತ್ತಿದ್ದ ಮಗುವಿಗೆ, ಅದು ಇಷ್ಟು ಆರೋಗ್ಯವಾಗಿದೆಯಲ್ಲ ಎಂಬ ಕಾರಣಕ್ಕೆ, ದೃಷ್ಟಿ ತೆಗೆದ ಜನ ಇವರು. ಹೊಗೆಗೆ ಎಲ್ಲರೂ ಕೆಮ್ಮಿದರು. ನನಗೂ ಹೆಮ್ಮೆಯಾಗಿತ್ತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಇಲ್ಲಿ ಸುನಂದಕ್ಕನ ಬಗ್ಗೆ ಹೇಳಬೇಕು. ಅವರು ಶಿವರಾಜ್‌ ಅವರ ಅಕ್ಕ, ಮುಕ್ತಾಗೆ ಸೋದರತ್ತೆ. ನರ್ಸಿಂಗ್‌ನಲ್ಲಿ ಪದವಿ ಮಾಡಿ ಹುಮನಾಬಾದಿನ ಒಂದು ಮಕ್ಕಳ ಆಸ್ಪತ್ರೆಯಲ್ಲಿ ವಾರ್ಡಿನ ಉಸ್ತುವಾರಿ ನೋಡಿಕೊಳ್ಳುತ್ತಾರೆ. ಮೃದು ಮನುಷ್ಯರಲ್ಲ. ನಾನು ಕಂಡ ಎಲ್ಲರಿಗಿಂತ ಹೆಚ್ಚು ಗರ್ವ ಅವರಿಗಿದೆ, ಅದನ್ನು ಅಡಗಿಸಿಡುವ ಗೋಜಿಗೂ ಹೋಗುವುದಿಲ್ಲ. ಮದುವೆಯಾಗಿ ಬಹಳ ವರ್ಷವಾಗಿದೆ, ಮಕ್ಕಳಿಲ್ಲ.

ನಮ್ಮ ಮನೆತನಕ್ಕೆ ನರ್ಸ್ ಎಂದರೆ ಪುಕ್ಕಟೆ ಸೂಜಿ ಹಾಕುವ ಕೈ. ಯಾರಿಗೋ ಇಂಜೆಕ್ಷನ್ ಬೇಕಾದರೆ, ಮುದುಕರ ಬಿ.ಪಿ. ನೋಡಬೇಕಾದರೆ, “ಸುನಂದಾನ ಕರೀರಿ.” ಆದರೆ ಆ ಕೈಗೆ ಸೇರಿದ ತಲೆಯೊಂದು ಇದೆ ಎಂಬುದು ಯಾರಿಗೂ ಬೇಡ. ಹಿಂದೊಮ್ಮೆ ಕೊಡಂಬಲದ ನೆಂಟರ ಮನೆಯಲ್ಲಿ ಹಾಲು ಕುಡಿಯುತ್ತಿದ್ದ ಕೂಸಿನ ತುಟಿಯ ಬಣ್ಣ ಸರಿಯಿಲ್ಲ, ಹೃದಯ ತೋರಿಸಿ ಎಂದು ಅವರು ಹೇಳಿದ್ದರು. ತೋರಿಸಿದರು. ಏನೂ ಇಲ್ಲ ಎಂದು ಡಾಕ್ಟರು ಕಳಿಸಿದರು. ಅನುಮಾನವಿದ್ದಾಗ ನೋಡಿಸಿ, ಏನೂ ಇಲ್ಲವೆಂದು ಗೊತ್ತಾದರೆ ಅದಕ್ಕಿಂತ ಒಳ್ಳೆಯದೇನು? ಆದರೆ ನಮ್ಮವರು ಬೇರೆ ತೀರ್ಮಾನಕ್ಕೆ ಬಂದರು. ಸುನಂದಾಳ ಕಣ್ಣು ಸರಿಯಿಲ್ಲ. ತನ್ನ ಮಡಿಲು ತುಂಬಲಿಲ್ಲ ಅಂತ ಕಂಡವರ ಕೂಸಿನಲ್ಲಿ ರೋಗ ಹುಡುಕುತ್ತಾಳೆ. ಹೀಗೆಂದವರಲ್ಲಿ ಮೊದಲಿಗರು ಅವರ ಸ್ವಂತ ತಾಯಿ, ಅಂದರೆ ನನ್ನ ಅತ್ತೆ. “ನಿನ್ನ ನರ್ಸ್‌ಗಿರಿ ದವಾಖಾನ್ಯಾಗ ಬಿಟ್ಟು ಬಾ. ಮಂದಿ ಮನ್ಯಾಗ ಬಾಯಿ ತಗೀಬ್ಯಾಡ,” ಎಂದು ನನ್ನ ಎದುರಿಗೇ ಹೇಳಿದ್ದು ಕೇಳಿದ್ದೇನೆ. ಇದರ ನೆನಪಿನಲ್ಲಿ ನನಗೆ ಅನುಮಾನವಿಲ್ಲ, ಏಕೆಂದರೆ ಈ ಮಾತು ಒಂದು ಸಲ ಹೇಳಿದ್ದಲ್ಲ.

ತೊಟ್ಟಿಲ ದಿನಕ್ಕೆ ಬರುತ್ತೇನೆ. ಮುಕ್ತಾಳ ಕಾಲಲ್ಲಿ ಬೆಳ್ಳಿ ಗೆಜ್ಜೆಯಿತ್ತು. ಅದನ್ನು ಹುಟ್ಟುಹಬ್ಬಕ್ಕೆ ಕೊಟ್ಟವರು ಸುನಂದಕ್ಕನೇ; ಆಗ ಎಲ್ಲಕ್ಕಿಂತ ಬಿಗಿಯಾದ ಕೊನೆಯ ಕೊಂಡಿಗೆ ಸಿಗಿಸಿದರೂ ಅದು ಜಾರಿ ಹಿಮ್ಮಡಿಗೆ ಬರುತ್ತಿತ್ತು. ಅವತ್ತು ಗೆಜ್ಜೆ ಒತ್ತುತ್ತಿದೆ ಎಂದು ಮುಕ್ತಾ ರಗಳೆ ಮಾಡಿದಳು. ಸುನಂದಕ್ಕ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಗೆಜ್ಜೆ ಬಿಚ್ಚಿದರು. ಕಾಲಿನ ಸುತ್ತ, ಚಪಾತಿ ಹಿಟ್ಟಿನಲ್ಲಿ ದಾರ ಒತ್ತಿದ ಹಾಗೆ, ಒಂದು ಗೀರು ಮೂಡಿತ್ತು. ಅವರು ಅದರ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಮೊಣಕಾಲ ಕೆಳಗೆ, ಎಲುಬಿನ ಮೇಲೆ, ಹೆಬ್ಬೆರಳನ್ನು ಒತ್ತಿ ಹಿಡಿದರು. ಬಿಟ್ಟು ನೋಡಿದರು.

ಅಷ್ಟರಲ್ಲಿ ಅತ್ತೆ ಕರೆದರು: “ಸುನಂದಾ, ಬಾ. ಹೆಸರ ಕರಿಯೋ ವ್ಯಾಳ್ಯಾ ಆತು.”

ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಎಷ್ಟೇ ಬಾಯಿ ಮುಚ್ಚಿಸಿದರೂ ಆ ಒಂದು ಮಾತಿಗೆ ಸುನಂದಕ್ಕ ಬೇಕು. ಅವರು ಗೆಜ್ಜೆಯನ್ನು ತಮ್ಮ ಪರ್ಸಿನಲ್ಲಿ ಹಾಕಿಕೊಂಡು, “ಸಣ್ಣ ಆಗ್ಯಾವ, ಕೊಂಡಿ ಕೂಡಿಸಿ ಕೊಡ್ತೀನಿ,” ಎಂದು ನನಗೆ ಹೇಳಿ ಎದ್ದು ಹೋದರು. ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಊದಿ ಹೆಸರು ಕರೆದರು. ಆಗ ಉಳಿದ ಹೆಂಗಸರು ಅತ್ತೆಯಾದವಳ ಬೆನ್ನಿಗೆ ತಮಾಷೆಗೆ ಗುದ್ದುವುದು ಪದ್ಧತಿ. ಅವತ್ತಿನ ಗುದ್ದುಗಳು ಪದ್ಧತಿಗಿಂತ ಜೋರಾಗಿದ್ದವು.

ಹೀಗೆ ನನ್ನ ನೆನಪು. ಶಿವರಾಜ್ ಹೇಳುವುದು ಬೇರೆ. ಅವತ್ತು ಗೆಜ್ಜೆ ಬಿಚ್ಚಲೇ ಇಲ್ಲ. ಆಸ್ಪತ್ರೆಗೆ ಸೇರಿಸಿದಾಗ ಬಳೆ, ಸರ ಎಲ್ಲವನ್ನೂ ತೆಗೆಸಿ ಅಕ್ಕನ ಕೈಗೆ ಕೊಟ್ಟೆವು, ಗೆಜ್ಜೆಯೂ ಅದರಲ್ಲಿ ಹೋಯಿತು ಎನ್ನುತ್ತಾರೆ. ಅವರ ಮಾತೂ ಸರಿಯಿರಬಹುದು. ಆದರೆ ಅವತ್ತು ಅವರು ಅಂಗಳದಲ್ಲಿ ಗಂಡಸರ ಜೊತೆ ಕುಳಿತು ಭಜಿ ತಿನ್ನುತ್ತಿದ್ದರು.

ಬಸವಕಲ್ಯಾಣಕ್ಕೆ ಮರಳಿದ ಮೇಲೆ ಬೆಳಿಗ್ಗೆ ಎದ್ದಾಗ ಮುಕ್ತಾಳ ಕಣ್ಣು ತೆರೆಯದಷ್ಟು ಊದಿರುತ್ತಿತ್ತು. ಮಧ್ಯಾಹ್ನಕ್ಕೆ ಇಳಿಯುತ್ತಿತ್ತು. ಮನೆ ಹತ್ತಿರದ ಡಾಕ್ಟರು ತಲೆ ಎತ್ತದೆ ಅಲರ್ಜಿ ಎಂದರು. ತಲೆ ಎತ್ತದೆಯೇ ಸಿರಪ್ಪು ಬರೆದರು. ಕಣ್ಣಿನ ಕಾಯಿಲೆಯನ್ನು ಕಣ್ಣು ನೋಡದೆ ಗುರುತಿಸುವ ವಿದ್ಯೆ ಅವರಿಗೆ ಸಿದ್ಧಿಸಿತ್ತು. ಮತ್ತೆ ಹೋದಾಗ ಸಿರಪ್ಪು ಬದಲಿಸಿದರು. ಪಕ್ಕದ ಮನೆಯಾಕೆ ಕಾಡಿಗೆ ಹಚ್ಚುವುದನ್ನು ಬಿಡಿಸಿದರು, ಎದುರು ಮನೆಯಾಕೆ ಸೋಪು ಬದಲಿಸಲು ಹೇಳಿದರು, ಔಷಧಿ ಅಂಗಡಿಯವನು ತನ್ನದೇ ಒಂದು ಮುಲಾಮು ಕೊಟ್ಟ. ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲ ಎಂದವರು ಒಬ್ಬರೂ ಸಿಗಲಿಲ್ಲ. ಸಿಕ್ಕಿದ್ದರೆ ಅವರನ್ನು ನಂಬುತ್ತಿದ್ದೆ. ಈ ನಡುವೆ ಅವಳ ಹೊಟ್ಟೆ ಉಬ್ಬಿತು, ಫ್ರಾಕಿನ ಗುಂಡಿ ಹಾಕಲು ಬರದಾಯಿತು. ಫೋನಿನಲ್ಲಿ ಅತ್ತೆಗೆ ಹೇಳಿದರೆ, “ಉಣ್ಣೋ ಕೂಸಿನ ಹೊಟ್ಟಿ ಹಂಗೇ ಇರ್ತದ. ನೀ ಸುಮ್ಮನ ಏನೇನೋ ಎಣಸಬ್ಯಾಡ,” ಎಂದರು.

ಒಂದು ಸಂಜೆ ಸುನಂದಕ್ಕ ವಿಡಿಯೋ ಕರೆ ಮಾಡಿದರು. ತಾವಾಗಿ ಕರೆ ಮಾಡುವವರಲ್ಲ ಅವರು. ನಾನು ಮುಕ್ತಾಳ ಕಣ್ಣಿನ ಮಾತು ತೆಗೆದೆ.

“ಕಣ್ಣ ಇರಲಿ. ಕಾಲ ತೋರಸು,” ಎಂದರು.

ತೋರಿಸಿದೆ.

“ಎಲುಬಿನ ಮ್ಯಾಲ ಹೆಬ್ಬಟ್ಟಿಲೆ ಒತ್ತು. ಒತ್ತೇ ಹಿಡಿ. ಹಾಂ, ಬಿಡು.”

ಬಿಟ್ಟೆ. ನನ್ನ ಹೆಬ್ಬೆರಳಿನ ಗುಂಡಿ ಮಗಳ ಕಾಲಿನಲ್ಲಿ ಹಾಗೆಯೇ ಉಳಿಯಿತು. ಮುಕ್ತಾ ಅದನ್ನು ನೋಡಿ, “ಅವ್ವಾ, ತೂತ,” ಎಂದು ನಕ್ಕು ತಾನೂ ಒಂದು ಗುಂಡಿ ಮಾಡಿದಳು.

“ಉಚ್ಚಿ ಹೋದ್ರ ನೊರಿ ಬರಾಕತ್ತದೇನು?” ಎಂದರು ಸುನಂದಕ್ಕ.

“ಹೌದ್ರಿ ಅಕ್ಕಾ. ಸ್ವಲ್ಪೇ ಹೋಗ್ತಾಳ.”

“ಮುಂಜಾನಿ ಮೊದಲನೇದ್ದು ಒಂದು ಸೀಸೆದಾಗ ಹಿಡಕೊಂಡು ಮೊದಲನೇ ಬಸ್ಸಿಗೆ ಬಾ. ಯಾರಿಗೂ ಹೇಳಬ್ಯಾಡ, ಮೆರವಣಿಗಿ ಬರ್ತದ.”

ಅವರ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಅವರು ಮೊದಲು ಕಾಲು ಕೇಳಿದ್ದು ಏಕೆ ಎಂದು ಆಗ ನನಗೆ ಹೊಳೆಯಲಿಲ್ಲ. ಪಕ್ಕದಲ್ಲೇ ಇದ್ದ ಶಿವರಾಜ್, “ನೀನೇ ಮೊದಲ ಕಾಲ ಬಾತದಂತ ಹೇಳಿದಿ,” ಎನ್ನುತ್ತಾರೆ. ಹೇಳಿದ್ದೆನೇ? ಹೇಳಲಿಲ್ಲ ಎಂದು ಪ್ರಮಾಣ ಮಾಡಲಾರೆ.

ಮಕ್ಕಳ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ನಗುವ ಆನೆಯ ಚಿತ್ರ ಬಿಡಿಸಿದ್ದರು. ಅದರ ಕೆಳಗೆ ಯಾವ ಮಗುವೂ ನಗುತ್ತಿರಲಿಲ್ಲ. ಸುನಂದಕ್ಕ ನಮ್ಮನ್ನು ಸಾಲು ತಪ್ಪಿಸಿ ಒಳಗೆ ಕರೆದೊಯ್ಯಲಿಲ್ಲ. ಸೀಸೆ ತೆಗೆದುಕೊಂಡು ಹೋದರು, ಪರೀಕ್ಷೆಯ ಪಟ್ಟಿ ಅದ್ದಿದರು, ಕಡುಹಸಿರಾದ ಆ ಪಟ್ಟಿಯನ್ನು ಡಾಕ್ಟರ ಮೇಜಿನ ಮೇಲೆ ಇಟ್ಟರು. ಆಮೇಲೆ ಡಾಕ್ಟರೇ ನಮ್ಮನ್ನು ಕರೆಸಿದರು. ಮೂತ್ರಪಿಂಡ ಮೈಯ ಸತ್ವವನ್ನು ಸೋರಿಸುತ್ತಿದೆ, ಅದಕ್ಕೇ ನೀರು ತುಂಬಿದೆ, ಬಹಳ ಮಕ್ಕಳಲ್ಲಿ ಮಾತ್ರೆಗೆ ಬಗ್ಗುತ್ತದೆ, ಆದರೆ ಮತ್ತೆ ಮತ್ತೆ ಬರಬಹುದು ಎಂದರು. ಮೈ ತುಂಬಿಕೊಂಡದ್ದು ಅಂದರೆ ನೀರು. ಅಷ್ಟು ಜನ ಹಿಂಡಿದ್ದು ನೀರನ್ನು. ನಾನು ಅಳಲಿಲ್ಲ. ನನಗೆ ಆ ಉಂಡಿ ಡಬ್ಬಿಯ ಮುಚ್ಚಳವಷ್ಟೇ ಕಣ್ಣ ಮುಂದೆ ಬಂತು; ಅದರ ಮೇಲೆ ಒಂದು ಗುಲಾಬಿ ಹೂವಿತ್ತು.

ಮುಕ್ತಾಳನ್ನು ವಾರ್ಡಿಗೆ ಸೇರಿಸಿದರು. ಮೆರವಣಿಗೆ ಬಂತು. ಯಾರು ಹೇಳಿದರೋ ತಿಳಿಯದು, ಬಹುಶಃ ಶಿವರಾಜ್. ಚೀಲ ತುಂಬ ಬಿಸ್ಕತ್ತು, ಚಕ್ಕುಲಿ, ಮೂಸಂಬಿ ಹಿಡಿದು ಬಂದವರು ಮಂಚದ ಮೇಲೆ, ಅದರ ಕಾಲ ಬಳಿ, ಕಿಟಕಿಯ ಕಟ್ಟೆಯ ಮೇಲೆ ಕುಳಿತರು. ಬಂದವರೆಲ್ಲರೂ ಕೇಳಿದ ಪ್ರಶ್ನೆ ಒಂದೇ: ಸಲೈನ್ ಯಾಕೆ ಹಚ್ಚಿಲ್ಲ? ನಮ್ಮ ಕಡೆ ಬಾಟಲಿ ನೇತಾಡದಿದ್ದರೆ ಅದು ಚಿಕಿತ್ಸೆಯೇ ಅಲ್ಲ. ಜ್ವರಕ್ಕೆ ಬಾಟಲಿ, ಸುಸ್ತಿಗೆ ಬಾಟಲಿ, ಪರೀಕ್ಷೆಯಲ್ಲಿ ಫೇಲಾದರೂ ಬಾಟಲಿ.

“ಕೂಸು ಬಾಡಿ ಹೋಗ್ಯದ. ಒಂದ್ ಬಾಟ್ಲಿನರ ಹಚ್ಚಬಾರದೇನ ಸುನಂದಾ? ಮನಿ ಮಂದಿಗೆ ಕಂಜೂಸತನ ಮಾಡ್ತಿಯೇನು?” ಎಂದರು ಅತ್ತೆ.

ಸುನಂದಕ್ಕ ಮುಕ್ತಾಳ ಹೊಟ್ಟೆಯ ಸುತ್ತ ಟೇಪು ಹಿಡಿದು ಅಳೆಯುತ್ತಿದ್ದರು. ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ ಮೇಲೆ ಮಾತಾಡಿದರು.

“ನೀರ ತುಂಬಿ ಒಡಿಯೋಹಂಗ ಆಗ್ಯಾಳ ಅಕಿ. ಮತ್ತ ನೀರ ಹಾಕಂತಿ. ಇದು ದವಾಖಾನಿ ಅವ್ವಾ, ನಾನು ಸಿಸ್ಟರ್. ಇಲ್ಲಿ ನನ್ನ ನರ್ಸ್‌ಗಿರಿ ನಡೀತದ. ಚಕ್ಕಲಿ ಎತ್ತು. ಉಪ್ಪಿಂದು ಒಂದು ಚೂರು ಅಕಿ ಬಾಯಿಗೆ ಹೋದ್ರ, ನೀನೂ ಹೊರಗ, ಚೀಲಾನೂ ಹೊರಗ.”

ಅತ್ತೆ ಚಕ್ಕುಲಿ ಎತ್ತಿದರು. ಎತ್ತಿ ಸೆರಗಿನಲ್ಲಿ ಇಟ್ಟುಕೊಂಡರು. ಸುನಂದಕ್ಕ ಆ ಕಡೆ ಹೋದೊಡನೆ ಒಂದು ತುಂಡು ಮುರಿದು ಮುಕ್ತಾಗೆ ಕೊಡಲು ಕೈ ಚಾಚಿದರು. “ಒಂದ್ ಚೂರಿಗೆ ಏನಾಗ್ತದ?” ನಾನು ಆ ತುಂಡನ್ನು ಅವರ ಕೈಯಿಂದ ಕಿತ್ತು ನಾನೇ ತಿಂದೆ. ಅದು ರುಚಿಯಾಗಿತ್ತು. ನನಗೆ ಇನ್ನಷ್ಟು ಸಿಟ್ಟು ಬಂತು.

ಪಕ್ಕದ ಮಂಚದಲ್ಲಿ ಮುಡಬಿಯ ಖಾಜಾಬಿ ಎಂಬ ಮುದುಕಿ ಮೊಮ್ಮಗನ ಜೊತೆ ಇದ್ದರು. ನಮ್ಮ ಮೆರವಣಿಗೆಯನ್ನು ಎರಡು ಮಧ್ಯಾಹ್ನ ಸುಮ್ಮನೆ ನೋಡಿದರು. ಮೂರನೆಯ ಮಧ್ಯಾಹ್ನ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಯಾರಿಗೂ ಅಲ್ಲವೆನ್ನುವ ಹಾಗೆ ಮಾತಾಡಿದರು.

“ಜರಾ ದೂರ ಕೂಡ್ರಿ ಬಾಯಿ. ನಮ್ಮ ಹುಡುಗಗ ಹತ್ತೋ ಕೆಮ್ಮ ಅದ. ದೊಡ್ಡವರಿಗೇ ಜಲ್ದಿ ಹತ್ತತದಂತ.”

ಕ್ಷಣದಲ್ಲಿ ಮಂಚ, ಕಿಟಕಿ ಎಲ್ಲ ಖಾಲಿಯಾದವು. ಅತ್ತೆ ಬಾಗಿಲಲ್ಲಿ ನಿಂತು, ಮೂಗಿಗೆ ಸೆರಗು ಹಿಡಿದು, ಧೈರ್ಯವಾಗಿರು ಎಂದು ನನಗೆ ಕೈಸನ್ನೆ ಮಾಡಿ ಹೋದರು. ನಾನು ಗಾಬರಿಯಿಂದ ಖಾಜಾಬಿಯನ್ನು ನೋಡಿದೆ. ಅವರ ಮೊಮ್ಮಗ ಕಾಲು ಮುರಿದುಕೊಂಡು ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ.

“ಕೆಮ್ಮ ಎಲ್ಲಿದು ನಾನಿ?” ಎಂದೆ.

“ಕಾಲಿಗೆ ಕೆಮ್ಮ ಬಂದದ,” ಎಂದರು ಅವರು. ಆ ಆಸ್ಪತ್ರೆಯಲ್ಲಿ ನಾನು ನಕ್ಕದ್ದು ಅದೊಂದೇ ಸಲ ಇರಬೇಕು.

ಮುಕ್ತಾಗೆ ಸುನಂದಕ್ಕನನ್ನು ಕಂಡರೆ ಆಗುತ್ತಿರಲಿಲ್ಲ. ಪ್ರತಿ ಸಲ ತೋಳಿಗೆ ಬಿ.ಪಿ. ಪಟ್ಟಿ ಸುತ್ತುವಾಗ ಬೈಯುತ್ತಿದ್ದಳು. “ಹೋಗ ನೀ, ಕೆಟ್ಟ ಅತ್ತಿ.” “ನಿನ್ನ ಪಟ್ಟಿ ನಾಯಿಗಿ ಹಾಕ್ತೀನಿ.” “ನಿನ್ನ ಹೆಸರ ಮಾಸ್ತರಗ ಹೇಳ್ತೀನಿ.” ಸುನಂದಕ್ಕ ಮುಖ ಬಿಗಿದುಕೊಂಡೇ, “ಹೇಳು. ಮಾಸ್ತರಗೂ ಪಟ್ಟಿ ಹಾಕ್ತೀನಿ,” ಎನ್ನುವರು. ನಾನು ಮುಕ್ತಾಳನ್ನು ಗದರಿದರೆ, “ಬೈಲಿ ಬಿಡು. ಅದು ನನಗ ಬೇಕು,” ಎನ್ನುತ್ತಿದ್ದರು. ಯಾಕೆ ಬೇಕು ಎಂದು ನಾನು ಕೇಳಲಿಲ್ಲ. ಸೊಕ್ಕಿನ ಮಾತು ಎಂದುಕೊಂಡಿದ್ದೆ.

ಮಾತ್ರೆ ಶುರುವಾದ ಕೆಲವು ದಿನಗಳ ಮೇಲೆ, ಒಂದು ಮಧ್ಯಾಹ್ನ, ಮುಕ್ತಾ ಹೊಟ್ಟೆ ನೋವು ಎಂದಳು. ಡ್ಯೂಟಿಯಲ್ಲಿದ್ದ ಕಿರಿಯ ಡಾಕ್ಟರು ಬಂದು ನೋಡಿ, ಗ್ಯಾಸು, ಬಂದವರು ಏನೋ ತಿನ್ನಿಸಿರಬೇಕು ಎಂದರು. ನಮ್ಮ ಮನೆಯವರ ಬಗ್ಗೆ ಅವರ ಅಂದಾಜು ಸರಿಯಾಗಿಯೇ ಇತ್ತು, ಅದಕ್ಕೆ ನಾನೂ ಒಪ್ಪಿಬಿಟ್ಟೆ. ಮೈ ಸ್ವಲ್ಪ ಬಿಸಿಯಿತ್ತು, ಅಷ್ಟೇ. ಆಮೇಲೆ ಸುನಂದಕ್ಕ ಬಂದು ಮುಕ್ತಾಳ ತೋಳಿಗೆ ಪಟ್ಟಿ ಸುತ್ತಿದರು. ಉಬ್ಬಿಸಿದರು. ಇಳಿಸಿದರು. ಮುಕ್ತಾ ಮೊಣಕಾಲು ಮಡಚಿಕೊಂಡು ಗೋಡೆಯ ಕಡೆ ನೋಡುತ್ತಿದ್ದಳು.

ಸುನಂದಕ್ಕ ಪಟ್ಟಿ ಬಿಚ್ಚದೆ ನಿಂತರು. “ಏ ಹುಲಿ,” ಎಂದರು. “ನಾಯಿಗಿ ಹಾಕಲೇನು ಪಟ್ಟಿ?” ಮುಕ್ತಾ ಉತ್ತರ ಕೊಡಲಿಲ್ಲ. ಆಗ ಅವರು ಮಂಚದ ಅಂಚನ್ನು ತಮ್ಮ ಮೊಣಕಾಲಿನಿಂದ ಒಂದಿಷ್ಟು ಅಲುಗಿಸಿದರು, ಬೇಕೆಂದೇ. ಮಂಚ ಅಲುಗಿದ್ದಕ್ಕೆ ಮುಕ್ತಾಳ ಮುಖ ಕಿವುಚಿಕೊಂಡಿತು. ಅಳಲಿಲ್ಲ, ಉಸಿರು ಹಿಡಿದಳು.

ಸುನಂದಕ್ಕ ಹೋಗಿ ಕಿರಿಯ ಡಾಕ್ಟರನ್ನು ಕರೆತಂದರು. ಆಮೇಲಿನ ಮಾತು ನನಗೆ ಶಬ್ದಶಃ ನೆನಪಿದೆ ಎಂದು ನನಗನ್ನಿಸುತ್ತದೆ.

“ದೊಡ್ಡ ಡಾಕ್ಟರಿಗಿ ಫೋನ್ ಹಚ್ಚರಿ. ಹೊಟ್ಯಾಗಿನ ನೀರು ಕೆಟ್ಟಿರಬೇಕು.”

“ಸಿಸ್ಟರ್, ಜ್ವರಾ ಎಲ್ಲಿ ಅದ ಅಂಥಾದ್ದು? ಊಟಕ್ಕ ಹೋಗ್ಯಾರ ಅವರು. ಏನಂತ ಹೇಳ್ಲಿ?”

“ದಿನಾ ಬೈತಿದ್ಲು, ಇವತ್ತು ಬೈಲಿಲ್ಲಂತ ಹೇಳ್ರಿ.”

ಕಿರಿಯ ಡಾಕ್ಟರು ನಕ್ಕರು. “ಬೈಲಿಲ್ಲಂತ ಕೇಸ್ ಪೇಪರ್ ಮ್ಯಾಲ ಬರೀಲೇನು?”

“ಬರೀರಿ. ಕೆಳಗ ನನ್ನ ಹೆಸರ ಹಾಕ್ರಿ. ಮಂಚ ಅಲುಗಿದ್ರ ಹೊಟ್ಟಿ ನೋಯ್ತದ, ಅದೂ ಬರೀರಿ. ಮಾತ್ರಿ ನುಂಗಾಕತ್ತಾಳ ಅಕಿ, ಆ ಮಾತ್ರಿ ಜ್ವರಾ ಮುಚ್ಚಿಡ್ತದ. ನೀವು ಓದಿದ್ದೇ ಅದು. ಮರ್ತೀರಿ, ಅಷ್ಟೇ.”

ಅವರು ಫೋನ್ ಹಚ್ಚಲಿಲ್ಲ; ಸುನಂದಕ್ಕನೇ ಹಚ್ಚಿದರು. ದೊಡ್ಡ ಡಾಕ್ಟರು ಕೈ ಒರೆಸಿಕೊಳ್ಳುತ್ತ ಬಂದರು. ಹೊಟ್ಟೆಗೆ ಸೂಜಿ ಚುಚ್ಚಿ ಸ್ವಲ್ಪ ನೀರು ತೆಗೆದು ಸಿರಿಂಜನ್ನು ಬೆಳಕಿಗೆ ಹಿಡಿದರು. ಅದು ಮಜ್ಜಿಗೆಯ ಮೇಲಿನ ತಿಳಿಯಂತೆ ಮಬ್ಬಾಗಿತ್ತು. ಅವರು ಸಿಸ್ಟರ್ ಕಡೆ ನೋಡಲಿಲ್ಲ, ಕಿರಿಯ ಡಾಕ್ಟರ ಕಡೆಯೂ ನೋಡಲಿಲ್ಲ. ಏನನ್ನೋ ಬರೆದುಕೊಟ್ಟರು. ಆ ಬರೆದದ್ದು ಮುಕ್ತಾಳ ನರಕ್ಕೆ ಹೋಗಲು ಶುರುವಾದಾಗಷ್ಟೇ ಸುನಂದಕ್ಕ ಒಂದು ಸ್ಟೂಲಿನ ಮೇಲೆ ಕುಳಿತರು. ಒಬ್ಬರೂ ಅವರಿಗೆ ಒಂದು ಮಾತು ಹೇಳಲಿಲ್ಲ. ನಾನು ಹೇಳಲು ಹೋದೆ. “ಸುಮ್ಮನ ಕೂಡು. ಅಕಿ ಮಾರಿ ನೋಡಕೋತ ಇರು,” ಎಂದರು.

ಜ್ವರ ಏರಿತು, ಆಮೇಲೆ ಇಳಿಯಿತು. ನಡುವಿನದನ್ನು ನಾನು ಬರೆಯುವುದಿಲ್ಲ. ಭಯದ ವಿಷಯದಲ್ಲಿ ನನ್ನ ನೆನಪನ್ನು ನಾನು ಸ್ವಲ್ಪವೂ ನಂಬುವುದಿಲ್ಲ. ಒಂದು ಬೆಳಿಗ್ಗೆ ಪಟ್ಟಿ ಸುತ್ತುವಾಗ ಮುಕ್ತಾ, “ಕೆಟ್ಟ ಅತ್ತಿ,” ಎಂದಳು, ಬಹಳ ಮೆಲ್ಲಗೆ. ಸುನಂದಕ್ಕ ಕೇಳಿಸಲಿಲ್ಲ ಎನ್ನುವ ಹಾಗೆ, “ಆಂ?” ಎಂದರು. ಮುಕ್ತಾ ಜೋರಾಗಿ ಹೇಳಿದಳು. ಖಾಜಾಬಿ ತಮ್ಮ ಮಂಚದಿಂದ, “ಶಾಬಾಶ್ ಬೇಟಾ, ಇನ್ನಾ ಬೈ,” ಎಂದರು.

ಮನೆಗೆ ಬಂದೆವು. ಮಾತ್ರೆ ತಿಂಗಳುಗಟ್ಟಲೆ ನಡೆಯಿತು. ಆ ಮಾತ್ರೆಗೆ ಒಂದು ಗುಣವಿದೆ: ಮುಖವನ್ನು ಉಬ್ಬಿಸುತ್ತದೆ, ಕೆನ್ನೆಯನ್ನು ಕೆಂಪು ಮಾಡುತ್ತದೆ, ಹಸಿವು ಹೆಚ್ಚಿಸುತ್ತದೆ. ನೀರಿಳಿದು ಕಡ್ಡಿಯಾಗಿದ್ದ ಹುಡುಗಿ ಮತ್ತೆ ದುಂಡಗಾದಳು. ಹಬ್ಬಕ್ಕೆ ಹುಮನಾಬಾದಿಗೆ ಹೋದಾಗ ಏನಾಯಿತು ಎಂದು ನಾನು ಹೇಳಬೇಕಿಲ್ಲ. ಅದೇ ಹೊಸ್ತಿಲು, ಅದೇ ಹೆಂಗಸರು.

“ಜಡ್ಡು ಹೋಗಿ ಹ್ಯಾಂಗ ಮೈ ತುಂಬಿಕೊಂಡಾಳ ನೋಡು.”

ಅತ್ತೆ ಮತ್ತೆ ಉಂಡಿ ಕಟ್ಟಿದ್ದರು. ನೋಡುವ ಕಣ್ಣಿಗೆ ಎರಡು ಸಲ ಒಂದೇ ಪಾಠ ಹೇಳಿಕೊಟ್ಟರೂ ಕಲಿಯದವರ ಬಗ್ಗೆ ಏನು ಹೇಳುವುದು? ಅವರಿಗೆ ದುಃಖವಾಗಿರಲಿಲ್ಲವೆಂದಲ್ಲ. ಅತ್ತೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತದ್ದನ್ನು ಖಾಜಾಬಿ ನೋಡಿದ್ದಾರಂತೆ. ಅಳು ನಿಜ, ಪ್ರೀತಿ ನಿಜ, ನೋಡುವುದು ಮಾತ್ರ ಇಲ್ಲ. ಕೂಸನ್ನು ಅಷ್ಟು ಪ್ರೀತಿಸುವ ಮಂದಿ ಅದನ್ನು ಒಂದು ಸಲವಾದರೂ ಸರಿಯಾಗಿ ನೋಡಬಾರದೇ?

ಸುನಂದಕ್ಕ ನೋಡುತ್ತಾರೆ. ಹಾಗಾಗಿಯೇ ಅವರ ವಿಷಯದಲ್ಲಿ ನನಗೆ ಸಮಾಧಾನವಿಲ್ಲ. ಬೈಗುಳವೊಂದು ಬರಲಿಲ್ಲ ಎಂಬುದರಿಂದ ಹೊಟ್ಟೆಯೊಳಗಿನ ಸೋಂಕನ್ನು ಕಂಡವರು, ತಾವೇ ಕೊಟ್ಟ ಗೆಜ್ಜೆ ಕಾಲಿನಲ್ಲಿ ಗೀರು ಮೂಡಿಸಿದ್ದನ್ನು ಕಂಡು, ಹೆಬ್ಬೆರಳು ಒತ್ತಿ ನೋಡಿ, ಗೆಜ್ಜೆ ಸಣ್ಣದಾಯಿತು ಎಂದುಕೊಂಡರೇ? ಅಥವಾ ಗೊತ್ತಾಗಿಯೂ, ಹೆಂಗಸರು ತುಂಬಿದ ಆ ಕೋಣೆಯಲ್ಲಿ, ಮೆಣಸಿನಕಾಯಿಯ ಹೊಗೆಯಲ್ಲಿ, ‘ಈ ಕೂಸಿಗೆ ರೋಗವಿದೆ’ ಎನ್ನುವ ಬಂಜೆಯಾಗಲು ಮನಸ್ಸಾಗದೆ ಎದ್ದು ಹೋಗಿ ಬೆನ್ನಿಗೆ ಗುದ್ದು ತಿಂದರೇ? ಗೊತ್ತಿರಲಿಲ್ಲ ಎಂದರೆ ನಾನು ನಂಬಿರುವ ಆ ಕಣ್ಣು ನಾನೆಣಿಸಿದಂಥದ್ದಲ್ಲ. ಗೊತ್ತಿತ್ತು ಎಂದರೆ, ಆ ಸಿರಪ್ಪು ಮುಲಾಮುಗಳ ವಾರಗಳೆಲ್ಲ ಅವರ ಲೆಕ್ಕಕ್ಕೂ ಹೋಗುತ್ತವೆ, ನಾನು ಅವರನ್ನೂ ಉಳಿದವರ ಸಾಲಿನಲ್ಲಿ ನಿಲ್ಲಿಸಬೇಕಾಗುತ್ತದೆ. ಅಥವಾ ಗೆಜ್ಜೆ ಬಿಚ್ಚಿದ್ದೇ ಇಲ್ಲ, ಇದೆಲ್ಲ ನಾನು ಕಟ್ಟಿಕೊಂಡದ್ದು. ಈ ಕಾಯಿಲೆ ನೆಗಡಿಯ ನೆಪ ಮಾಡಿಕೊಂಡು ಯಾವಾಗ ಬೇಕಾದರೂ ಮರಳಬಹುದು. ಮುಂದಿನ ತೊಟ್ಟಿಲಿನಲ್ಲಿ, ಮುಂದಿನ ಮದುವೆಯಲ್ಲಿ, ಮುಕ್ತಾಳನ್ನು ಆ ಮಂದಿಯ ನಡುವೆ ಬಿಡುವಾಗ, ಒಬ್ಬರಾದರೂ ಕಂಡದ್ದನ್ನು ಹೇಳುತ್ತಾರೆ ಎಂಬ ಭರವಸೆ ನನಗೆ ಬೇಕು.

ಮಾತ್ರೆ ನಿಂತ ಮೇಲೆ ಒಂದು ಭಾನುವಾರ ಸುನಂದಕ್ಕ ಬಸವಕಲ್ಯಾಣಕ್ಕೆ ಬಂದರು. ಮುಕ್ತಾ ಮತ್ತೆ ಸಣಕಲಾಗಿದ್ದಳು. ನನ್ನ ಕಣ್ಣಿಗೆ ಅದಕ್ಕಿಂತ ಚೆಂದದ್ದು ಬೇರೆ ಇರಲಿಲ್ಲ. ಸುನಂದಕ್ಕ ಪರ್ಸಿನಿಂದ ಗೆಜ್ಜೆ ತೆಗೆದರು. ಅದಕ್ಕೆ ಹೊಸ ಕೊಂಡಿಯೇನೂ ಕೂಡಿಸಿರಲಿಲ್ಲ. ಮುಕ್ತಾಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯ ಕೊಂಡಿಗೆ ಸಿಗಿಸಿದರು. ಗೆಜ್ಜೆ ಜಾರಿ ಹಿಮ್ಮಡಿಗೆ ಬಂತು. ಆಗ ನಾನು ಕೇಳಿದೆ.

ಅವರು ಇನ್ನೊಂದು ಕಾಲಿಗೆ ಗೆಜ್ಜೆ ಹಾಕಿದರು. ಮುಕ್ತಾಳನ್ನು ಎಬ್ಬಿಸಿ ಅಂಗಳದ ತುದಿಯವರೆಗೆ ನಡೆಸಿ ನೋಡಿದರು. ಚಹಾ ಆರಿತ್ತು, ಕುಡಿದರು. ಬಸ್ಸಿನ ಹೊತ್ತಾಯಿತು ಎಂದರು. ಈಗಲೂ ಬೆಳಿಗ್ಗೆ ಫೋನ್ ಮಾಡಿ, ನಾನು ಮನೆಯಲ್ಲೇ ಮುಕ್ತಾಳ ಮೂತ್ರಕ್ಕೆ ಅದ್ದಿ ನೋಡುವ ಪಟ್ಟಿಯ ಬಣ್ಣ ಕೇಳುತ್ತಾರೆ, ಹಳದಿ ಎಂದರೆ ಇಡುತ್ತಾರೆ. ನಾನು ಅವತ್ತು ಕೇಳಿದ್ದಕ್ಕೆ ಅವರು ಇನ್ನೂ ಉತ್ತರ ಕೊಟ್ಟಿಲ್ಲ. ಕೇಳಿದ್ದು ಇಷ್ಟೇ, ಈ ಶಬ್ದಗಳಲ್ಲೇ ಕೇಳಿದ್ದೆ ಎಂದು ನನ್ನ ನೆನಪು:

“ಅಕ್ಕಾ, ತೊಟ್ಟಿಲದ ದಿನ ಅಕಿ ಕಾಲ ಒತ್ತಿ ನೋಡಿದ್ರಲ್ಲ, ಅವತ್ತೇ ನಿಮಗ ಗೊತ್ತಾಗಿತ್ತೇನ್ರಿ?”